ಎರಡು ಸಲ ತೆರೆದು ಒಮ್ಮೆ ಮುಚ್ಚಿದ ಬಾಗಿಲು

"ನನ್ನ ಕೈಯಾರೆ ಬಾಗಿಲು ಹಾಕಿದೀನಿ ಅಮ್ಮ! ಹಾಕಿ, ಒಂದ್ಸಲ ಎಳೆದು ನೋಡಿ, ಆಮೇಲೆ ಕೋಣೆಗೆ ಬೀಗ ಜಡಿದು ಬಂದಿದೀನಿ. ಆದ್ರೆ ಬಾಗಿಲು ತೆಗೆದಿತ್ತು ಅಂತ ಆ ಪೆಟ್ಟಿಗೆ ಬರೆದಿಟ್ಟಿದೆಯಂತೆ. ಇಷ್ಟು ವರ್ಷ ಮಕ್ಕಳನ್ನ ನೋಡಿಕೊಂಡ ನಾನು ಸುಳ್ಳಿ, ನಿನ್ನೆ ಮೊನ್ನೆ ಬಂದ ಪೆಟ್ಟಿಗೆ ಸಾಚಾ! ಮಧ್ಯಾಹ್ನ ಮೀಟಿಂಗಂತೆ. ಮೀಟಿಂಗೇನು ಬಂತು, ಕಾಗದ ಟೈಪಾಗಿ ರೆಡಿ ಇದೆ. ನನ್ನ ತೆಗೆದುಹಾಕ್ತಾರೆ!"

ನವಜಾತ ಶಿಶುಗಳ ವಾರ್ಡಿನ ಸಿಸ್ಟರ್ ಇಷ್ಟನ್ನೂ ಹೊಸ್ತಿಲ ಮೇಲೆ ನಿಂತೇ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಕೈಯಲ್ಲಿ ಮಡಿಚಿ ಮಡಿಚಿ ನಲುಗಿದ ಒಂದು ಹಾಳೆ. ಅತ್ತಿಗೆಯ ಮನೆಯ ಬಾಗಿಲು ತೆಗೆದ ನಾದಿನಿ ತನ್ನ ಮಗುವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡಳೇ ಹೊರತು "ಬನ್ನಿ" ಅನ್ನಲಿಲ್ಲ. ಅವಳಿಗೆ ಈ ಸಿಸ್ಟರ್ ಮೇಲೆ ಹೇಳತೀರದಷ್ಟು ಸಿಟ್ಟಿತ್ತು.

ಸಿಟ್ಟಿಗೆ ಕಾರಣವೂ ಇತ್ತು. ಅವಳ ಮಗು ದಿನ ತುಂಬುವ ಮೊದಲೇ ಹುಟ್ಟಿ, ಅದೇ ವಾರ್ಡಿನ ಗಾಜಿನ ತೊಟ್ಟಿಲಿನಲ್ಲಿ ಚೇತರಿಸಿಕೊಂಡು ಮನೆಗೆ ಬಂದಿತ್ತು. ಆಗ ಅವಳಿಗೆ ಹಾಲಿರಲಿಲ್ಲ. ಯಾರೋ ಮುಖ ಕಾಣದ ತಾಯಂದಿರು ಕೊಟ್ಟ ಹಾಲು ಮಗುವನ್ನು ಉಳಿಸಿತು. ಈಗ ತನಗೆ ಹೆಚ್ಚಾದಾಗ ಅವಳೂ ತೆಗೆದು, ಬಾಟಲಿಗೆ ತುಂಬಿ, ಆಸ್ಪತ್ರೆಯ ಹಾಲಿನ ಕೋಣೆಗೆ ಕೊಟ್ಟು ಬರುತ್ತಿದ್ದಳು. ಅಲ್ಲಿನ ದೊಡ್ಡ ಫ್ರೀಜರಿನಲ್ಲಿ ಎಷ್ಟೋ ತಾಯಂದಿರ ಹಾಲು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಕಳೆದ ವಾರ ಒಂದು ಬೆಳಿಗ್ಗೆ ನೋಡಿದರೆ ಅಷ್ಟೂ ಕರಗಿಹೋಗಿತ್ತು. ಒಂದು ಹನಿ ಬಿಡದೆ ಮೋರಿಗೆ ಸುರಿದರು. ವಾರ್ಡಿನ ಅತಿ ಚಿಕ್ಕ ಮಗುವಿಗೆ ಪುಡಿಹಾಲು ಒಗ್ಗದೆ ಹೊಟ್ಟೆ ಉಬ್ಬಿ, ಅದರ ತಾಯಿ ಇನ್ನೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಆ ಫ್ರೀಜರನ್ನು ನಡೆಸುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ನಾದಿನಿಯ ಗಂಡನ ಕಂಪನಿಯದು. ಅದರ ಎಂಜಿನಿಯರ್ ಅವನೇ. ಪೆಟ್ಟಿಗೆ ಬರೆದಿಟ್ಟ ಸಾಲುಗಳನ್ನು ಮುದ್ರಿಸಿ ಆಸ್ಪತ್ರೆಯವರ ಕೈಗೆ ಕೊಟ್ಟವನೂ ಅವನೇ. ಬಾಗಿಲು ತೆಗೆದಿತ್ತು ಅಂತ ಕಟ್ಟಿಕೊಂಡ ಗಂಡನೇ ಹೇಳಿದ ಮೇಲೆ ಅವಳಿಗೆ ಇನ್ನೇನು ಅನುಮಾನ?

"ಒಳಗೆ ಕರಿಯೇ," ಅಂತ ಕೋಣೆಯಿಂದ ಅತ್ತಿಗೆಯ ಧ್ವನಿ ಬಂತು. "ಬಂದೋರನ್ನ ಹೊಸ್ತಿಲಲ್ಲೇ ನಿಲ್ಲಿಸಿ ತೀರ್ಪು ಕೊಡ್ತಿದೀಯಲ್ಲ, ಭಲೇ!"

ಅತ್ತಿಗೆ ಅಂದರೆ ನಾದಿನಿಯ ಅಣ್ಣನ ಹೆಂಡತಿ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಅನ್ನುವವರು ಈ ಇಬ್ಬರನ್ನು ನೋಡಬೇಕಿತ್ತು. ಅಣ್ಣ ತಂಗಿಗೆ ಇಟ್ಟ ಅಡ್ಡಹೆಸರು ಪಾದರಸ. ಒಂದು ಕಡೆ ನಿಂತವಳಲ್ಲ, ಕೂತವಳಲ್ಲ. ಅತ್ತಿಗೆಯೋ, ಕುರ್ಚಿಗೆ ಬೇರು ಬಿಟ್ಟವಳು. ಎರಡು ಮನೆಗೂ ನಡುವೆ ಒಂದೇ ಬೀದಿ. ಬೆಳಗಾದರೆ ಸಾಕು, ನಾದಿನಿ ಮಗುವನ್ನು ಎತ್ತಿಕೊಂಡು ಇಲ್ಲಿ ಹಾಜರು.

ಅತ್ತಿಗೆಯ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾದಿನಿ ಹೀಗೆ ಹೇಳುತ್ತಿದ್ದಳು: "ಕಂಪ್ಯೂಟರಿನ ಒಳಗೆ ಕರ್ನೆಲ್ ಅಂತ ಒಬ್ಬ ಯಜಮಾನ ಇರ್ತಾನೆ. ಹೊರಗೆ ಮೋಟಾರು, ಸೆನ್ಸರು, ಪರದೆ ಅಂತ ನೂರು ಆಳುಗಳು. ಇವನ ಮಾತು ಅವರಿಗೆ ತಿಳಿಯಲ್ಲ, ಅವರ ಮಾತು ಇವನಿಗೆ ತಿಳಿಯಲ್ಲ. ಮಧ್ಯೆ ಒಬ್ಬ ದುಭಾಷಿ ಬೇಕಲ್ಲ? ಅವನೇ ಡ್ರೈವರ್. ಈ ದುಭಾಷಿಗಳನ್ನ ಎಲ್ಲೆಲ್ಲಿಂದಲೋ ಯಾರ್ಯಾರೋ ಬರೆದು ಕಳಿಸ್ತಾರೆ. ನಮ್ಮತ್ತಿಗೆ ಜರಡಿ ಹಿಡಿದು ಸೋಸ್ತಾರೆ. ಕಸ ಸಿಕ್ಕಿದ್ರೆ ವಾಪಸ್!"

ಸೋಸುವ ಕಣ್ಣು ಮನೆಯಾಚೆಗೂ ಸುಮ್ಮನಿರುತ್ತಿರಲಿಲ್ಲ. ಎದುರು ಕಟ್ಟಡದ ಲಿಫ್ಟನ್ನು ಪದೇ ಪದೇ ಕೆಡಿಸುತ್ತಿದ್ದವರು ಯಾರು, ಶಾಲೆಯ ಗಂಟೆ ಮುಂಚೆಯೇ ಹೊಡೆಯುತ್ತಿದ್ದದ್ದು ಯಾಕೆ ಅಂತ ಕುರ್ಚಿಯಲ್ಲೇ ಕೂತು ಪತ್ತೆ ಮಾಡಿದವಳು ಅತ್ತಿಗೆ. ಓಡಾಡಿ ವಿಚಾರಿಸಿಕೊಂಡು ಬಂದವಳು ನಾದಿನಿ. ಹಾಗಾಗಿ ಸಿಸ್ಟರ್ ಇಲ್ಲಿಗೇ ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅತ್ತಿಗೆ ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದಳು. ನಾದಿನಿಯೂ ಇಣುಕಿದಳು. ಇದ್ದದ್ದು ಮೂರೇ ಸಾಲು. ಮೊದಲನೆಯದು 'ಡೋರ್ ಓಪನ್'. ಅದರ ಪಕ್ಕ ಪೆನ್ನಿನಲ್ಲಿ 'ಸಂಜೆ' ಅಂತ ಬರೆದಿತ್ತು; ಗಂಡನ ಕೈಬರಹ. ಆಮೇಲೆ 'ಬೆಳಿಗ್ಗೆ' ಅಂತ ಬರೆದ ಎರಡು ಸಾಲು: 'ಡೋರ್ ಓಪನ್', 'ಡೋರ್ ಕ್ಲೋಸ್ಡ್'. ಪ್ರತಿ ಸಾಲಿನ ಎಡಗಡೆ ಆವರಣದೊಳಗೆ ಒಂದು ಸಂಖ್ಯೆ. ಮೊದಲ ಸಾಲಿನದು ಪುಟ್ಟದು, ಎರಡೇ ಅಂಕಿ, ಕೆಳಗಿನವು ಉದ್ದ.

"ಆವತ್ತಿಂದು ಮೊದಲಿಂದ ಹೇಳಿ," ಅಂದಳು ಅತ್ತಿಗೆ.

"ಏನಿದೆ ಹೇಳೋಕೆ! ಸಂಜೆ ಪಾಳಿ ಮುಗಿಸಿ ಬೀಗ ಹಾಕಿ ಹೋದೆ. ಕೀಲಿ ನನ್ನ ಹತ್ರ ಒಂದು, ಉಗ್ರಾಣದವರ ಹತ್ರ ಒಂದು. ಬೆಳಿಗ್ಗೆ ಬಂದು ಬೀಗ ತೆಗೆದೆ. ಫ್ರೀಜರಿನ ಬಾಗಿಲು ಹಾಕೇ ಇತ್ತು. ತೆಗೆದು ಬಾಟಲಿ ಮುಟ್ಟಿದ್ರೆ ಮೆತ್ತಗೆ! ಎದೆ ಧಸಕ್ ಅಂತು. ದಡಕ್ಕನೆ ಮುಚ್ಚಿದೆ. ಪೆಟ್ಟಿಗೆ ಮೇಲೆ ಹಸಿರು ಗುಂಡಿ ಇದೆಯಲ್ಲ, ಅದರ ದೀಪ ಆರಿತ್ತು. ಒತ್ತಿದೆ. ಕಂಪ್ರೆಸರು ಗುಂಯ್ ಅಂತ ಶುರುವಾಯ್ತು."

"ಡಾಕ್ಟರು ಏನಂತಾರೆ?"

"ದೊಡ್ಡ ಡಾಕ್ಟರಮ್ಮ ಹೇಳೋದು, ಸಂಜೆ ನಾನು ಬಾಗಿಲು ಹಾಕೋದು ಮರೆತೆನಂತೆ, ಬೆಳಿಗ್ಗೆ ಬಂದು ನೋಡಿ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿ, ಈಗ ಕತೆ ಕಟ್ತಿದೀನಂತೆ." ಸಿಸ್ಟರ್ ನಾದಿನಿಯ ಕಡೆ ಒಮ್ಮೆ ನೋಡಿ ಧ್ವನಿ ತಗ್ಗಿಸಿದರು. "ಇವರ ಯಜಮಾನರೂ ಹಾಗೇ ಅಂದ್ರು. ಬಾಗಿಲು ತುಂಬಾ ಹೊತ್ತು ತೆಗೆದಿದ್ರೆ ಕಂಪ್ರೆಸರು ತಾನೇ ನಿಲ್ಲುತ್ತೆ ಅಂದ್ರು. ಕಂಪ್ರೆಸರೇ ಮೊದಲು ನಿಂತಿರಬಾರದಾ ಅಂತ ಡಾಕ್ಟರಮ್ಮ ಕೇಳಿದ್ದಕ್ಕೆ, 'ಹಾಗಾಗಿದ್ರೆ ಕಂಪ್ರೆಸರ್ ನಾಟ್ ರನ್ನಿಂಗ್ ಅಂತ ಸಾಲು ಬರ್ತಿತ್ತು, ಬಂದಿಲ್ಲವಲ್ಲ' ಅಂದ್ರು."

"ಅದೇ ಮಾತು? ಹಾಗೇ ಅಂದ್ರಾ?"

"ಎಲ್ಲರ ಮುಂದೆ ಅಂದ್ರು ಅಮ್ಮ. ನನ್ನ ಕುತ್ತಿಗೆಗೆ ಬಂದ ಮಾತು, ಮರೆಯೋಕಾಗುತ್ತಾ?"

ಅತ್ತಿಗೆ ಸಂಬಂಧವೇ ಇಲ್ಲದ ಹಾಗೆ ಕೇಳಿದಳು: "ಬಾಟಲಿ ಮೇಲೆ ಚೀಟಿ ಅಂಟಿಸ್ತೀರಲ್ಲ, ಅದರಲ್ಲಿ ಬರೆಯೋದು ಯಾರು?"

"ನಾನೇ. ಇಂಕ್ ಪೆನ್ನಲ್ಲಿ. ಅದಕ್ಕೂ ಬೈಸಿಕೊಂಡಿದೀನಿ ಬಿಡಿ. ಫ್ರೀಜರ್ ಬಾಗಿಲು ನಾಲ್ಕು ನಿಮಿಷ ಜಾಸ್ತಿ ತೆಗೆದಿಟ್ರೆ ಬಾಟಲಿ ಬೆವರಿ ಅಕ್ಷರ ಎಲ್ಲ ಕಲಸಿಹೋಗುತ್ತೆ."

"ಆವತ್ತು ಕಲಸಿತ್ತಾ?"

"ಎಲ್ಲಿ? ಒಂದೊಂದು ಚೀಟೀನೂ ಓದಿ ಓದಿ, ಅತ್ಕೊಂಡು ಸುರಿದಿದೀನಿ. ಇದು ಆ ತಾಯಿದು, ಇದು ಈ ತಾಯಿದು ಅಂತ." ಸಿಸ್ಟರ್ ತಲೆ ಎತ್ತಿದರು. "ಇವರದ್ದೂ ಇತ್ತು," ಅಂತ ನಾದಿನಿಯತ್ತ ಕೈ ತೋರಿಸಿ ಮುಖ ಒರೆಸಿಕೊಂಡರು.

ನಾದಿನಿ ಅಷ್ಟು ಹೊತ್ತು ಬಿಗಿಹಿಡಿದ ಸಿಟ್ಟು ಎಲ್ಲಿ ಹೋಯಿತೋ! ಓಡಿಹೋಗಿ ನೀರು ತಂದುಕೊಟ್ಟಳು. ಸುಳ್ಳು ಹೇಳುವ ಹೆಂಗಸು ಚೀಟಿ ಓದಿಕೊಂಡು ಅಳುತ್ತಾಳೇ? ಅಂದಮೇಲೆ ಬಾಗಿಲು ತೆಗೆದವರು ಬೇರೆ ಯಾರೋ ಇರಬೇಕು.

ಸಿಸ್ಟರ್ ಹೋದದ್ದೇ ತಡ, ಅವಳು ಮಗುವನ್ನು ತಟ್ಟುತ್ತಾ ಕೋಣೆಯ ಆ ತುದಿಯಿಂದ ಈ ತುದಿಗೆ ಸುತ್ತತೊಡಗಿದಳು. "ಉಗ್ರಾಣದವನೇ ಅತ್ತಿಗೆ! ನೂರಕ್ಕೆ ನೂರು ಅವನೇ. ಇನ್ನೊಂದು ಕೀಲಿ ಯಾರ ಹತ್ರ ಇದೆ ಹೇಳಿ? ತನ್ನ ತಂಗಿಮಗಳನ್ನ ಆ ವಾರ್ಡಿನ ಕೆಲಸಕ್ಕೆ ಸೇರಿಸಬೇಕು ಅಂತ ಓಡಾಡ್ತಿದಾನೆ, ನಾನೇ ಕಿವಿಯಾರೆ ಕೇಳಿದೀನಿ. ಸಿಸ್ಟರ್ ಹೋದ್ಮೇಲೆ ಬಂದು ತೆಗೆದಿಟ್ಟಿದಾನೆ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ಆಸ್ಪತ್ರೇಲಿ ಬೇಕಾದಷ್ಟು ಜನ ಇದಾರೆ. ನೀನೂ ಸೇರ್ಕೋಬೇಡ," ಅಂತ ಅತ್ತಿಗೆ ಕಂಪ್ಯೂಟರಿನ ಕಡೆ ತಿರುಗಿದಳು. "ಕೂತ್ಕೋ ಸ್ವಲ್ಪ. ನೀನು ಹೀಗೆ ಗಿರಗಿರ ಸುತ್ತಿದ್ರೆ ನನಗೆ ತಲೆ ಸುತ್ತುತ್ತೆ."

"ಮಧ್ಯಾಹ್ನ ಆಗ್ತಾ ಬಂತು! ಕೂತ್ಕೋ ಅಂದ್ರೆ ಹೇಗೆ ಕೂತ್ಕೊಳ್ಳಲಿ?"

ಆ ಪೆಟ್ಟಿಗೆಯ ಡ್ರೈವರಿನ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದಿಟ್ಟ ಸಾಲುಗಳು, ಯಾರು ಬೇಕಾದರೂ ತೆರೆದು ಓದಬಹುದಾದದ್ದು. ಅತ್ತಿಗೆ ಅದನ್ನು ತೆಗೆದು ಸಾಲಿನಿಂದ ಸಾಲಿಗೆ ಇಳಿದಳು. ನಾದಿನಿ ಗೋಡೆ ಗಡಿಯಾರ ನೋಡಿದಳು, ಕಿಟಕಿ ತೆಗೆದಳು, ಮುಚ್ಚಿದಳು, ಮಗುವಿ‍ನ ಬಟ್ಟೆ ಬದಲಾಯಿಸಿದಳು, ಮತ್ತೆ ಗಡಿಯಾರ ನೋಡಿದಳು. ಅತ್ತಿಗೆಯ ಬೆರಳು ಒಂದು ಕಡೆ ನಿಂತಿತು. ಮೇಲೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಪರದೆಯ ಮೇಲೆ ಒಂದು ಮಾತನ್ನು ಹುಡುಕಲು ಹಾಕಿದಳು; ಸಿಗಲಿಲ್ಲ. ಇನ್ನೊಮ್ಮೆ ಹಾಕಿದಳು. ಆಗಲೂ ಸಿಗಲಿಲ್ಲ. ಆಮೇಲೆ ಸಿಸ್ಟರ್ ಬಿಟ್ಟುಹೋದ ಹಾಳೆಯನ್ನು ಎತ್ತಿಕೊಂಡು, ಎಡಗಡೆಯ ಆ ಪುಟ್ಟ ಸಂಖ್ಯೆಯನ್ನೇ ದಿಟ್ಟಿಸಿದಳು. ಅವಳ ಮುಖ ಕಪ್ಪಿಟ್ಟಿತು.

"ಲೇ," ಅಂದಳು ಹಿಂತಿರುಗದೆ. "ಹಾಲು ಕರಗಿತಲ್ಲ, ಅದರ ಹಿಂದಿನ ಸಂಜೆ ನಿಮ್ಮೆಜಮಾನ್ರು ಮನೆಗೆ ಎಷ್ಟೊತ್ತಿಗೆ ಬಂದ್ರು?"

"ಬೇಗ ಬಂದ್ರು. ಮರೆತುಬಿಟ್ರಾ ಅತ್ತಿಗೆ? ಆವತ್ತೇ ಅಲ್ವಾ ಪಾಪು ಕಿರುಚಾಡಿದ್ದು? ನೀವೂ ಊರಲ್ಲಿರಲಿಲ್ಲ. ನನಗೆ ಕೈಕಾಲೇ ಆಡಲಿಲ್ಲ. ಇವರಿಗೆ ಫೋನ್ ಮೇಲೆ ಫೋನ್. ಅವರು ಕಟ್ ಮಾಡೋದು, ನಾನು ಮಾಡೋದು. ಕೊನೆಗೆ ಎತ್ತಿದ್ರು. 'ಮಗು ಕೈಬಿಟ್ಟು ಹೋಗುತ್ತೆ, ಬನ್ನಿ' ಅಂತ ಕೂಗಿಬಿಟ್ಟೆ ನೋಡಿ! ಎದ್ದುಬಿದ್ದು ಓಡಿ ಬಂದ್ರು. ಬರೋಷ್ಟರಲ್ಲಿ ಇವಳು ಒಂದು ದೊಡ್ಡ ತೇಗು ತೇಗಿ, ಹಾಯಾಗಿ ಮಲಗಿದ್ಲು!" ನಾದಿನಿ ನಕ್ಕಳು. ಯಾವಾಗಲೂ ಈ ಕತೆಗೆ ಅತ್ತಿಗೆಯೂ ನಗುತ್ತಿದ್ದಳು. ಇವತ್ತು ನಗಲಿಲ್ಲ.

"ನೀನು ಮಗು ಜೊತೆ ಇಲ್ಲೇ ಇರು. ನಾನೊಬ್ಬಳೇ ಹೋಗಿ ಬರ್ತೀನಿ."

"ಅದೆಂಥ ಮಾತು? ಯಾವತ್ತು ನನ್ನ ಬಿಟ್ಟು ಹೋಗಿದೀರಿ?"

"ಬೇಡ ಕಣೇ, ಹೇಳಿದ ಮಾತು ಕೇಳು."

"ಊಹೂಂ. ಉಗ್ರಾಣದವನ ಮುಖ ನಾನು ನೋಡಲೇಬೇಕು," ಅಂತ ನಾದಿನಿ ಆಗಲೇ ಮಗುವಿನ ಚೀಲ ಹೆಗಲಿಗೇರಿಸಿಯಾಗಿತ್ತು. ಅತ್ತಿಗೆ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಆಚೆಗೇ ನೋಡುತ್ತಾ ಕೂತಳು. ಎಷ್ಟು ಮಾತಾಡಿಸಿದರೂ ಹೂಂ, ಊಹೂಂ ಅಷ್ಟೆ. ನಾದಿನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಏನೋ ಸರಿಯಿಲ್ಲ ಅನ್ನುವುದು ತಿಳಿಯುತ್ತಿತ್ತು, ಏನು ಅನ್ನುವುದು ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅತ್ತಿಗೆ ಕೇಳಿಕೊಂಡದ್ದು ಒಂದೇ: ಮೀಟಿಂಗ್ ಕೋಣೆಯಲ್ಲಿ ಕೂರುವುದು ಬೇಡ, ಎಲ್ಲರೂ ಹಾಲಿನ ಕೋಣೆಗೇ ಬರಲಿ. ದೊಡ್ಡ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಹತ್ತು ನಿಮಿಷ ಕೊಡ್ತೀನಿ. ನನಗೆ ರೌಂಡ್ಸ್ ಇದೆ." ಅವರ ಕಂಕುಳಲ್ಲಿ ಟೈಪಾದ ಕಾಗದದ ಫೈಲಿತ್ತು.

ಅದು ಚಿಕ್ಕ ಕೋಣೆ. ಒಂದು ಗೋಡೆಗೆ ಸ್ಟೀಲಿನ ತೊಟ್ಟಿ, ಬಾಟಲಿ ಕುದಿಸುವ ಪಾತ್ರೆ. ಇನ್ನೊಂದು ಗೋಡೆಯ ತುಂಬಾ ಬಿಳಿ ಫ್ರೀಜರು. ಅದರ ನೆತ್ತಿಯ ಮೇಲೆ ಆ ಪೆಟ್ಟಿಗೆ, ಪೆಟ್ಟಿಗೆಯ ಮುಖದಲ್ಲಿ ಅಂಗೈಯಗಲದ ಪರದೆ, ಪಕ್ಕದಲ್ಲಿ ಹಸಿರು ಗುಂಡಿ. ಡಾಕ್ಟರಮ್ಮ, ಸಿಸ್ಟರ್, ಕೀಲಿಗೊಂಚಲು ಹಿಡಿದ ಉಗ್ರಾಣದವನು, ನಾದಿನಿಯ ಗಂಡ, ಎಲ್ಲರೂ ಒತ್ತಿಕೊಂಡು ನಿಂತರು. ನಾದಿನಿ ಮಗುವಿನೊಂದಿಗೆ ಬಾಗಿಲಲ್ಲೇ ನಿಂತಳು.

"ಅಕ್ಕ, ನೀವ್ಯಾಕೆ ಇಲ್ಲಿ?" ಅಂದ ಗಂಡ. ನಕ್ಕ, ಆದರೆ ನಗು ಕಣ್ಣಿನವರೆಗೆ ಬರಲಿಲ್ಲ.

"ಕೆಲಸ ಇತ್ತು ಬಂದೆ," ಅಂದಳು ಅತ್ತಿಗೆ. "ಸಿಸ್ಟರ್, ಫ್ರೀಜರಿನ ಬಾಗಿಲು ಒತ್ತಿ ಹಿಡ್ಕೊಳ್ಳಿ. ಡಾಕ್ಟರೇ, ಬಾಗಿಲು ಭದ್ರವಾಗಿ ಹಾಕಿದೆ ಅಲ್ವಾ? ನೀವೇ ನೋಡಿ. ಉಗ್ರಾಣದವರೇ, ಕೆಳಗೆ ಕಂಪ್ರೆಸರಿನ ಪ್ಲಗ್ ಇದೆ. ಅದೊಂದನ್ನು ಕಿತ್ತುಬಿಡಿ."

ಉಗ್ರಾಣದವನು ಬಗ್ಗಿ ಕಿತ್ತ. ಗುಂಯ್ ಅನ್ನುತ್ತಿದ್ದ ಸದ್ದು ನಿಂತಿತು. ಎಲ್ಲರೂ ಪರದೆ ನೋಡಿದರು. ಒಂದು ಸಾಲು ಮೂಡಿತು: 'ಡೋರ್ ಓಪನ್'.

ಸಿಸ್ಟರ್ ಇನ್ನೂ ಎರಡು ಕೈಯಲ್ಲಿ ಬಾಗಿಲನ್ನು ಒತ್ತಿ ಹಿಡಿದೇ ಇದ್ದರು. "ನೋಡಿ, ನೋಡಿ!" ಅಂತ ಕೂಗಿದರು.

"ಪ್ಲಗ್ ಹಾಕಿಬಿಡಿ, ಹೊಸದಾಗಿ ಬಂದ ಹಾಲು ಕೆಡೋದು ಬೇಡ," ಅಂದಳು ಅತ್ತಿಗೆ. "ಈಗ ಹೇಳ್ತೀನಿ ಕೇಳಿ. ಆ ರಾತ್ರಿ ಈ ಬಾಗಿಲು ತೆರೆದೇ ಇಲ್ಲ. ಅದಕ್ಕೆ ಮೊದಲ ಸಾಕ್ಷಿ ಬಾಟಲಿ ಚೀಟಿಗಳು. ಬಾಗಿಲು ತೆಗೆದಿದ್ರೆ ಹೊರಗಿನ ಗಾಳಿ ತಗುಲಿ ಬಾಟಲಿ ಬೆವರಬೇಕು, ಇಂಕು ಕಲಸಬೇಕು. ಕಲಸಿಲ್ಲ. ಎರಡನೇ ಸಾಕ್ಷಿ ನೀವು ನಂಬಿದ ಈ ಹಾಳೆನೇ. ಸಂಜೆ ಬಾಗಿಲು ತೆರೆಯಿತು. ಬೆಳಿಗ್ಗೆ ಮತ್ತೆ ತೆರೆಯಿತು. ಆಮೇಲೆ ಮುಚ್ಚಿತು. ಡಾಕ್ಟರೇ, ಮಧ್ಯೆ ಮುಚ್ಚದೆ ಒಂದು ಬಾಗಿಲನ್ನ ಎರಡು ಸಲ ತೆಗೆಯೋದು ಹೇಗೆ? ನೀವು ಹೇಳಿದ ಹಾಗೆ ಸಿಸ್ಟರ್ ಬೆಳಿಗ್ಗೆ ಬಂದು ತೆರೆದ ಬಾಗಿಲನ್ನ ಗುಟ್ಟಾಗಿ ಮುಚ್ಚಿದ್ರೆ, ಬೆಳಗಿನ ಲೆಕ್ಕದಲ್ಲಿ 'ಕ್ಲೋಸ್ಡ್' ಒಂದೇ ಇರಬೇಕಿತ್ತು."

ಡಾಕ್ಟರಮ್ಮ ಹಾಳೆ ಕಿತ್ತುಕೊಂಡು ನೋಡಿದರು.

"ಅಂದ್ಮೇಲೆ ಸಂಜೆಯ ಸಾಲು ಬಾಗಿಲಿಂದಲ್ಲ. ಈ ಡ್ರೈವರಿನಲ್ಲಿ ಮೊದಲು ಬಾಗಿಲಿನ ಕಾವಲು ಮಾತ್ರ ಇತ್ತು. ಆಮೇಲೆ ಎಲ್ಲೋ ಇರೋ ಒಬ್ಬರು ಕಂಪ್ರೆಸರಿಗೂ ಕಾವಲಿರಲಿ ಅಂತ ಸೇರಿಸಿದ್ರು. ನಮ್ಮ ಕಸುಬಿನವರ ಅಭ್ಯಾಸ ಹೇಳ್ತೀನಿ. ಹೊಸದನ್ನ ಯಾರೂ ಮೊದಲಿಂದ ಬರೆಯಲ್ಲ. ಹಳೇದನ್ನೇ ನಕಲು ಮಾಡಿ ಕೆಳಗಿಟ್ಟು, ಬೇಕಾದ್ದನ್ನ ತಿದ್ದುತೀವಿ. ಅವರೂ ಬಾಗಿಲಿನ ಭಾಗ ನಕಲು ಮಾಡಿ, ಕೆಲಸ ಮಾಡೋ ಸಾಲುಗಳನ್ನ ತಿದ್ದಿದ್ರು. ಬಾಯಿಬಿಟ್ಟು ಹೇಳೋ ಸಾಲನ್ನ ತಿದ್ದೋದು ಮರೆತ್ರು. ಕಾವಲು ಸರಿಯಾಗೇ ನಡೆಯುತ್ತೆ, ಕೂಗೋದು ಮಾತ್ರ ಪಕ್ಕದವನ ಹೆಸರು." ಅತ್ತಿಗೆ ಸಿಸ್ಟರ್ ಕಡೆ ತಿರುಗಿದಳು. "ಅದನ್ನ ಸೋಸಿ ಒಪ್ಪಿಗೆ ಕೊಟ್ಟವಳು ನಾನು. ಕೆಳಗೆ ನನ್ನ ಹೆಸರೇ ಇದೆ. ಇವತ್ತು ಬೆಳಿಗ್ಗೆ ನೋಡ್ಕೊಂಡೆ. ಸಿಸ್ಟರ್, ನಿಮ್ಮ ತಲೆ ಮೇಲೆ ಬಿದ್ದದ್ದರಲ್ಲಿ ನನ್ನ ಪಾಲೂ ಇದೆ. ತಪ್ಪಾಯ್ತು."

ಅತ್ತಿಗೆ ಯಾರೆದುರಿಗಾದರೂ ತಲೆ ತಗ್ಗಿಸಿದ್ದನ್ನು ನಾದಿನಿ ನೋಡಿದ್ದು ಅದೇ ಮೊದಲು. ಅವಳಿಗೆ ಅಲ್ಲಿಂದ ಓಡಬೇಕು ಅನ್ನಿಸಿತು.

"ಹಾಗಾದ್ರೆ ಕಂಪ್ರೆಸರ್ ನಿಲ್ಲಿಸಿದ್ದು ಯಾರು?" ಅಂದರು ಡಾಕ್ಟರಮ್ಮ, ಉಗ್ರಾಣದವನ ಕಡೆ ತಿರುಗಿ.

"ಅಯ್ಯೋ, ನಾನು ಈ ಕಡೆ ತಲೆ ಹಾಕೇ ಇಲ್ಲ!" ಅಂತ ಅವನು ಕೀಲಿಗೊಂಚಲನ್ನು ಬೆನ್ನ ಹಿಂದೆ ಅಡಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ!

"ಅವರಲ್ಲ. ಈ ಕೋಣೆಗೆ ಯಾರೂ ಬಂದಿಲ್ಲ," ಅಂದಳು ಅತ್ತಿಗೆ. "ಸಾಲಿನ ಎಡಗಡೆ ಸಂಖ್ಯೆ ಇದೆಯಲ್ಲ, ಅದು ಪೆಟ್ಟಿಗೆ ಎಚ್ಚರವಾಗಿ ಎಷ್ಟು ಸೆಕೆಂಡ್ ಆಯ್ತು ಅನ್ನೋ ಲೆಕ್ಕ. ತಿಂಗಳುಗಟ್ಟಲೆ ನಿಲ್ಲದೆ ನಡೆದ ಪೆಟ್ಟಿಗೆ ಅಂದ್ರೆ ಆ ಸಂಖ್ಯೆ ಬೆರಳುದ್ದ ಇರಬೇಕು. ಇಲ್ಲಿ ಎರಡೇ ಅಂಕಿ. ಅಂದ್ರೆ ಆ ಸಂಜೆ ಪೆಟ್ಟಿಗೆಯನ್ನ ಯಾರೋ ಆಗತಾನೇ ಮಲಗಿಸಿ ಎಬ್ಬಿಸಿದ್ರು. ಒಳಗೆ ಬ್ಯಾಟರಿ ಇರೋದ್ರಿಂದ ಪ್ಲಗ್ ಕಿತ್ರೂ ಅದು ಮಲಗಲ್ಲ. ಆಜ್ಞೆ ಕೊಟ್ರೆ ಮಾತ್ರ ಮಲಗುತ್ತೆ, ಆಜ್ಞೆ ದೂರದಿಂದಲೂ ಕೊಡಬಹುದು. ಎದ್ದ ಮೇಲೆ, ಯಾರಾದರೂ ಬಂದು ಈ ಹಸಿರು ಗುಂಡಿ ಒತ್ತೋವರೆಗೆ ಕಂಪ್ರೆಸರನ್ನ ಶುರು ಮಾಡಲ್ಲ. ಕೋಣೆಗೆ ಬೀಗ. ಗುಂಡಿ ಒತ್ತಿ ಅಂತ ಯಾರಿಗೂ ಯಾರೂ ಹೇಳಲಿಲ್ಲ. ರಾತ್ರಿಯಿಡೀ ಹಾಲು ಕರಗಿತು."

"ದೂರದಿಂದ ಆಜ್ಞೆ ಕೊಡೋಕೆ ಯಾರಿಗೆ ಅಧಿಕಾರ ಇದೆ?"

ಅತ್ತಿಗೆ ನೆಲ ನೋಡುತ್ತಾ ಹೇಳಿದಳು: "ಇನ್ನೊಂದು ವಿಷಯ ಉಳಿದಿದೆ. ಕಂಪ್ರೆಸರ್ ನಿಂತಿದ್ರೆ 'ಕಂಪ್ರೆಸರ್ ನಾಟ್ ರನ್ನಿಂಗ್' ಅಂತ ಬರ್ತಿತ್ತು ಅಂತ ನಿಮ್ಮ ಮುಂದೆ ಒಬ್ಬರು ಹೇಳಿದಾರೆ. ಆ ಮಾತು ಈ ಡ್ರೈವರಿನಲ್ಲಿ ಎಲ್ಲೂ ಇಲ್ಲ, ನಾನು ಹುಡುಕಿದೀನಿ. ಇಲ್ಲದ ಸಾಲನ್ನ ಬಾಯಿಪಾಠ ಒಪ್ಪಿಸೋಕೆ ಯಾರಿಗೆ ಸಾಧ್ಯ? ತಪ್ಪನ್ನ ಮೊದಲೇ ಕಂಡು, ತನ್ನ ಮಟ್ಟಿಗೆ ತಿದ್ದಿ ಇಟ್ಕೊಂಡಿರೋರಿಗೆ. ಅವರಿಗೆ 'ಡೋರ್ ಓಪನ್' ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿತ್ತು."

ನಾದಿನಿಯ ತಲೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅವರು ಕಟ್ ಮಾಡೋದು, ನಾನು ಮಾಡೋದು. ಅವರು ಕಟ್ ಮಾಡೋದು, ನಾನು ಮಾಡೋದು. ಬೆಳಿಗ್ಗೆ ತಾನೇ ನಗುತ್ತಾ ಹೇಳಿದ ಕತೆ! ಅತ್ತಿಗೆ ಯಾಕೆ ನಗಲಿಲ್ಲ, ಯಾಕೆ ಮನೆಯಲ್ಲೇ ಇರು ಅಂದಳು ಅನ್ನುವುದೆಲ್ಲ ಅವಳಿಗೆ ಒಟ್ಟಿಗೇ ಹೊಳೆಯಿತು.

"ರೀ," ಅಂದಳು. ಅಷ್ಟೇ ಅಂದದ್ದು.

ಗಂಡ ತೊಟ್ಟಿಯ ಅಂಚು ಹಿಡಿದುಕೊಂಡ. "ನಾನೇ," ಅಂದ. "ಪೆಟ್ಟಿಗೆ ನಮ್ಮ ಆಫೀಸಿಗೆ ತಾಪಮಾನ ಕಳಿಸೋದು ನಿಲ್ಲಿಸಿತ್ತು. ರೀಸ್ಟಾರ್ಟ್ ಮಾಡಿದೆ. ಮಾಡಿದ ತಕ್ಷಣ ವಾರ್ಡಿಗೆ ಫೋನ್ ಮಾಡಿ ಗುಂಡಿ ಒತ್ತಿಸಬೇಕು, ಅದು ನಿಯಮ. ಮಾಡೋಕೇ ಫೋನ್ ಕೈಗೆ ತಗೊಂಡಿದ್ದೆ..." ಹೆಂಡತಿಯ ಕಡೆ ನೋಡಲಿಲ್ಲ.

"ನನ್ನ ಫೋನ್ ಬಂತು," ಅಂದಳು ನಾದಿನಿ.

"ಓಡಿಬಿಟ್ಟೆ. ಮಗುಗೆ ಏನೋ ಆಗೋಯ್ತು ಅಂತ ಓಡಿಬಿಟ್ಟೆ. ಆಮೇಲೆ ಪೂರ್ತಿ ಮರೆತುಹೋಯ್ತು. ಬೆಳಿಗ್ಗೆ ಸುದ್ದಿ ಬಂದಾಗ ಕಣ್ಣಿಗೆ ಕತ್ತಲೆ ಬಂತು. ಪೆಟ್ಟಿಗೆ ನೋಡಿದ್ರೆ 'ಡೋರ್ ಓಪನ್' ಅಂತ ಇತ್ತು. ಆ ಸಾಲು ತಪ್ಪು ಅಂತ ನನಗೆ ಮುಂಚೇನೇ ಗೊತ್ತು. ನನ್ನ ಟೇಬಲ್ ಮೇಲಿನ ಪೆಟ್ಟಿಗೇಲಿ ತಿದ್ದಿಕೊಂಡಿದ್ದೆ. ಒಂದು ಸಾಲು, ಇದನ್ನೇನು ಎಲ್ಲರಿಗೂ ಕಳಿಸೋದು ಅಂತ ಬಿಟ್ಟಿದ್ದೆ. ಡಾಕ್ಟರೇ, ನಾನು ಬೇಕು ಅಂತ ಹಾಲು ಕೆಡಿಸಲಿಲ್ಲ. ಪೆಟ್ಟಿಗೆ ಹೇಳ್ತು, ನಾನು ಸುಮ್ಮನಿದ್ದೆ ಅಷ್ಟೆ."

"ಸುಮ್ಮನೆಲ್ಲಿದ್ರಿ?" ಸಿಸ್ಟರ್ ಈಗ ಬಾಗಿಲು ಬಿಟ್ಟು ಅವನ ಮುಂದೆ ಬಂದು ನಿಂತಿದ್ದರು. "ಬಾಗಿಲು ತೆಗೆದಿದ್ರೆ ಕಂಪ್ರೆಸರು ತಾನೇ ನಿಲ್ಲುತ್ತೆ ಅಂದ್ರಲ್ಲ, ಅದು?"

"ಅದು ಸುಳ್ಳು."

"ನಿಮ್ಮ ಮಗು ಈ ವಾರ್ಡಲ್ಲಿದ್ದಾಗ ನೀವು ರಾತ್ರಿ ಎಷ್ಟೆಷ್ಟು ಹೊತ್ತಿಗೋ ಫೋನ್ ಮಾಡಿ ಕೇಳ್ತಿದ್ರಿ. ಯಾವತ್ತಾದ್ರೂ ಎತ್ತದೆ ಇದ್ದೀನಾ?" ಸಿಸ್ಟರಿನ ಧ್ವನಿಯಲ್ಲಿ ಕೋಪಕ್ಕಿಂತ ದಿಗ್ಭ್ರಮೆ ಇತ್ತು. "ನೆನಪಾದಾಗ ಒಂದು ಫೋನ್ ಮಾಡಿದ್ರೆ, ಬೆಳಿಗ್ಗೆ ಒಂದು ಮಾತು ಹೇಳಿದ್ರೆ, ನಾನು ಬೈದು ಸುಮ್ಮನಾಗ್ತಿದ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ ಅಲ್ವಾ ಸರ್?"

ದೊಡ್ಡ ಡಾಕ್ಟರಮ್ಮ ಫೈಲಿನಿಂದ ಟೈಪಾದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. "ಸಿಸ್ಟರ್, ನಿಮ್ಮನ್ನ ಒಂದು ಮಾತೂ ಸರಿಯಾಗಿ ಕೇಳದೆ ಈ ಹಾಳೆ ನಂಬಿಬಿಟ್ಟೆ, ಕ್ಷಮಿಸಿ," ಅಂದರು. ಆಮೇಲೆ ಎಂಜಿನಿಯರನ ಕಡೆ ತಿರುಗಿ, "ನಿಮ್ಮ ಕಂಪನಿಗೆ ನಾನು ಬರೀಲೇಬೇಕು," ಅಂದರು. ಅವನು ತಲೆಯಾಡಿಸಿದ.

ಸಂಜೆಯ ಹೊತ್ತಿಗೆ, ಮುಂದಿನ ಆದೇಶದವರೆಗೆ ಕೆಲಸಕ್ಕೆ ಬರಬೇಡಿ ಅಂತ ಕಂಪನಿಯಿಂದ ಅವನಿಗೆ ಫೋನ್ ಬಂತು. ಅವನು ಬೀದಿ ದಾಟಿ ಅತ್ತಿಗೆಯ ಮನೆಗೆ ಬಂದು, ಹೊರಗೇ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದ. ಬಿಸಿ ಚಹಾ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ನಾದಿನಿ ಗಂಡನ ಜೊತೆ ಮಾತಾಡಲಿಲ್ಲ. ಅವನ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಅತ್ತಿಗೆಯ ಮೇಲೂ ಒಂದಿಷ್ಟು ಸಿಟ್ಟು. ಯಾವುದನ್ನು ಮೊದಲು ಹೊರಗೆ ಹಾಕಬೇಕೋ ತಿಳಿಯದೆ ಮಗುವನ್ನು ಎತ್ತಿಕೊಂಡು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ನಡೆಯುತ್ತಿದ್ದಳು.

"ಆ ತಿದ್ದುಪಡಿ ನಿಮ್ಮ ಹತ್ರ ಇದೆಯಲ್ಲ, ಈಗಲೇ ಕಳಿಸಿ," ಅಂದಳು ಅತ್ತಿಗೆ. "ಇದೇ ಪೆಟ್ಟಿಗೆ ಇನ್ನೂ ಎಷ್ಟು ಆಸ್ಪತ್ರೇಲಿದೆಯೋ. ನಿಮ್ಮ ಹೆಸರಲ್ಲೇ ಹೋಗಲಿ."

ಅವನು ಮೇಜಿನ ಮುಂದೆ ಕೂತ. ತಪ್ಪು ಸಾಲು ಅಳಿಸಿ ಸರಿ ಸಾಲು ಹಾಕುವುದು ಒಂದು ಗಳಿಗೆಯ ಕೆಲಸ. ಅದರ ಜೊತೆ ಕಳಿಸುವ ಟಿಪ್ಪಣಿಯಲ್ಲಿ ತಪ್ಪನ್ನು ತೋರಿಸಿಕೊಟ್ಟವರ ಹೆಸರು ಹಾಕುವ ಜಾಗವಿತ್ತು. "ಸಿಸ್ಟರ್ ಹೆಸರು ಹಾಕಿ," ಅಂದಳು ಅತ್ತಿಗೆ. ಅವರ ಹೆಸರೇನು ಅಂತ ಅವನಿಗೆ ಗೊತ್ತಿರಲಿಲ್ಲ. ಅತ್ತಿಗೆ ಫೋನ್ ಮಾಡಿ ಕೇಳಿ, ಅಕ್ಷರ ಅಕ್ಷರವಾಗಿ ಹೇಳಿದಳು.

ಇನ್ನುಳಿದದ್ದು ತಿದ್ದಿದ್ದು ಏನು, ಯಾಕೆ ಅಂತ ಬರೆಯುವುದು. ಅವನು ತುಂಬಾ ಹೊತ್ತು ಯೋಚಿಸಿ ಟೈಪ್ ಮಾಡಿದ: 'ಸಂದೇಶದಲ್ಲಿದ್ದ ಒಂದು ಸಣ್ಣ ತಪ್ಪನ್ನು ಸರಿಪಡಿಸಲಾಗಿದೆ.'

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಾದಿನಿ ಬಂದು ಅವನ ಹೆಗಲ ಮೇಲಿಂದ ಓದಿದಳು.

"ಆ 'ಸಣ್ಣ' ಅನ್ನೋದನ್ನ ಅಳಿಸ್ರೀ," ಅಂದಳು.

ಅವನು ಅಳಿಸಿದ. ಅಳಿಸಿ, ನಡೆದದ್ದನ್ನು ಮೊದಲಿನಿಂದ ಬರೆಯತೊಡಗಿದ.